ಮುಖ್ಯಮಂತ್ರಿಯನ್ನೇ ಸೋಲಿಸಿದ ಸೋಮವಾರಪೇಟೆ

ಮಡಿಕೇರಿಯಿಂದ ಮೈಸೂರು ಬಸ್ಸು ಹತ್ತಿದವರಿಗೆಲ್ಲ ಕುಶಾಲನಗರ ಗೊತ್ತು. ಸುಂಟಿಕೊಪ್ಪ ಬಿಟ್ಟು, ಆನೆಕಾಡಿನ ಮರಗಳ ನಡುವೆ ಇಳಿದು ಬಂದರೆ ಬೆಟ್ಟದ ತಂಪು ಮುಗಿದು ಬಯಲಿನ ಬಿಸಿಲು ಶುರು. ಬಸ್ಸು ನಿಲ್ಲುತ್ತದೆ, ಕಡಲೆಕಾಯಿ ಮಾರುವವರು ಕಿಟಕಿ ಹತ್ತಿರ ಬರುತ್ತಾರೆ, ಕಂಡಕ್ಟರು ಟೀ ಕುಡಿಯಲು ಇಳಿಯುತ್ತಾರೆ. ಇನ್ನೊಂದಿಷ್ಟು ದೂರ ಹೋದರೆ ಕಾವೇರಿ ಸೇತುವೆ, ಆಚೆ ಕೊಪ್ಪ. ಅಲ್ಲಿಗೆ ಕೊಡಗು ಮುಗಿಯಿತು. ಬ್ರಿಟಿಷರ ಕಾಲದಲ್ಲಿ ಫ್ರೇಸರ್‌ಪೇಟೆ ಅನ್ನಿಸಿಕೊಂಡಿದ್ದ ಈ ಗಡಿ ಊರಿನಿಂದ ಒಬ್ಬರು ಎದ್ದು ಹೋಗಿ ವಿಧಾನಸೌಧದ ಮೂರನೇ ಮಹಡಿಯಲ್ಲಿ ಕೂತರು. ಮೂರು ವರ್ಷ ರಾಜ್ಯ ಆಳಿದರು. ಆಮೇಲೆ ಅವರ ಕ್ಷೇತ್ರದ ಜನವೇ ಅವರನ್ನು ಇಳಿಸಿದರು.

ಅವರೇ ಆರ್. ಗುಂಡೂರಾಯರು. ಕೊಡಗಿನಿಂದ ಹೋಗಿ ಇಡೀ ಕರ್ನಾಟಕಕ್ಕೆ ಮುಖ್ಯಮಂತ್ರಿಯಾದ ಏಕೈಕ ವ್ಯಕ್ತಿ. ಮುಖ್ಯಮಂತ್ರಿ ಕುರ್ಚಿಯಲ್ಲಿ ಇರುವಾಗಲೇ ಚುನಾವಣೆಗೆ ನಿಂತು ತಮ್ಮ ಸ್ವಂತ ಕ್ಷೇತ್ರದಲ್ಲಿ ಸೋತವರು. ಅವರು ತೀರಿಕೊಂಡು ಮೂವತ್ತು ವರ್ಷ ದಾಟಿದೆ. ಆದರೂ ಯಾವುದೇ ಚುನಾವಣೆ ಹತ್ತಿರ ಬಂದಾಗ ಅಂಗಡಿ ಕಟ್ಟೆಯ ಮೇಲೆ ಅವರ ಹೆಸರು ಬಂದೇ ಬರುತ್ತದೆ.

ಯಾಕೆ ಅಂದರೆ, ಆ ಕಟ್ಟೆಯ ಮೇಲೆ ಮುಗಿಯದ ಒಂದು ಜಗಳ ಇದೆ. ಅಧಿಕಾರದಲ್ಲಿ ಇರುವವರಿಗೆ ಮತ್ತೆ ಗೆಲ್ಲುವುದು ಸುಲಭವೋ ಕಷ್ಟವೋ? ಒಬ್ಬರು ಸುಲಭ ಅನ್ನುತ್ತಾರೆ: ಕೈಯಲ್ಲಿ ಅನುದಾನ ಇದೆ, ಅಧಿಕಾರಿಗಳು ಮಾತು ಕೇಳುತ್ತಾರೆ, ಹೆಸರು ಎಲ್ಲರಿಗೂ ಗೊತ್ತು, ಇನ್ನೇನು ಬೇಕು? ಪಕ್ಕದವರು ಒಪ್ಪುವುದಿಲ್ಲ: ಕುರ್ಚಿಯಲ್ಲಿ ಕೂತವನ ಮೇಲೇ ಎಲ್ಲರ ಕಣ್ಣು, ಮಳೆ ಬಾರದಿದ್ದರೂ ತಪ್ಪು ಅವನದೇ. ಇಬ್ಬರ ಮಾತಿಗೂ ಸಾಕ್ಷಿ ಒಬ್ಬರೇ ಮನುಷ್ಯರ ಬದುಕಿನಲ್ಲಿ ಸಿಗುತ್ತದೆ. ಗುಂಡೂರಾಯರನ್ನು ಮೇಲೆ ಹತ್ತಿಸಿದ್ದೂ ಅಧಿಕಾರವೇ, ಕೆಳಗೆ ಬೀಳಿಸಿದ್ದೂ ಅಧಿಕಾರವೇ.

ನಲ್ಲಿ, ಚರಂಡಿ, ಬೀದಿ ದೀಪ

ಗುಂಡೂರಾಯರು ಹುಟ್ಟಿದ್ದು 1937ರ ಏಪ್ರಿಲ್ 8ರಂದು. ದೊಡ್ಡ ಎಸ್ಟೇಟಿನ ಧಣಿಗಳಲ್ಲ, ಹೆಸರು ಹೇಳಿ ಮತ ಕೇಳುವ ಒಕ್ಕದವರೂ ಅಲ್ಲ. ಬ್ರಾಹ್ಮಣರ ಮನೆ. ಕೊಡಗಿನ ಮತದಾರರ ಪಟ್ಟಿಯಲ್ಲಿ ಆ ಸಮುದಾಯದವರು ಎಷ್ಟು ಮಂದಿ ಅಂತ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜಾತಿ ಲೆಕ್ಕ ಹಾಕಿ ಟಿಕೆಟ್ ಕೊಡುವವರ ಕಣ್ಣಿಗೆ ಅವರು ಬೀಳುವ ಹಾಗೇ ಇರಲಿಲ್ಲ. ಹರೆಯದಲ್ಲಿ ಬ್ಯಾಡ್ಮಿಂಟನ್ ಆಟಗಾರರೆಂದು ಹೆಸರು ಮಾಡಿದ್ದರು. ಆಟದ ಮೈದಾನದ ಗೆಳೆತನ, ಎಲ್ಲರೊಡನೆ ಬೆರೆಯುವ ಗುಣ, ಜೋರು ಮಾತು... ಇವೇ ಅವರ ಬಂಡವಾಳ.

ರಾಜಕೀಯಕ್ಕೆ ಮೊದಲ ಮೆಟ್ಟಿಲು ಕುಶಾಲನಗರದ ಪುರಸಭೆ. ಅಲ್ಲಿ ಅಧ್ಯಕ್ಷರಾದರು. ಪುರಸಭೆ ಅಧ್ಯಕ್ಷಗಿರಿ ಎಂದರೆ ಏನು ಅಂತ ಪೇಟೆಯಲ್ಲಿ ಅಂಗಡಿ ಇಟ್ಟವರಿಗೆ ಚೆನ್ನಾಗಿ ಗೊತ್ತು. ನಲ್ಲಿಯಲ್ಲಿ ನೀರು ಬರಲಿಲ್ಲವೋ, ಅಧ್ಯಕ್ಷರ ಮನೆ ಬಾಗಿಲು. ಚರಂಡಿ ಕಟ್ಟಿತೋ, ಅಧ್ಯಕ್ಷರ ಮನೆ ಬಾಗಿಲು. ಸಂತೆ ದಿನ ಜಾಗದ ಜಗಳ, ಲೈಸೆನ್ಸಿನ ತಕರಾರು, ಕಂದಾಯದ ನೋಟೀಸು, ಬೀದಿ ದೀಪ... ಎಲ್ಲಕ್ಕೂ ಅದೇ ಬಾಗಿಲು. ಕಿರಿಕಿರಿ ಕೆಲಸ ನಿಜ. ಆದರೆ ಅದರಲ್ಲಿ ಒಂದು ಲಾಭ ಇದೆ. ಮಾಡಿದ ಕೆಲಸ ಕಣ್ಣಿಗೆ ಕಾಣುತ್ತದೆ. ನಿನ್ನೆ ಕತ್ತಲಾಗಿದ್ದ ಬೀದಿಯಲ್ಲಿ ಇವತ್ತು ದೀಪ ಉರಿದರೆ ಯಾರು ಹಾಕಿಸಿದ್ದು ಅಂತ ಇಡೀ ಬೀದಿಗೆ ಗೊತ್ತಿರುತ್ತದೆ. ಕೆಲಸ ಆಗದಿದ್ದರೆ ಮುಖಕ್ಕೆ ಮುಖ ಕೊಟ್ಟು ಬೈಯಬಹುದು. ಬೈದವರ ಸಿಟ್ಟು ಅಲ್ಲೇ ಇಳಿಯುತ್ತದೆ, ಐದು ವರ್ಷ ಹೊಟ್ಟೆಯೊಳಗೆ ಕೂತು ಹುಳಿಯುವುದಿಲ್ಲ.

ಊರ ಮಟ್ಟದ ಅಧಿಕಾರ ಮನುಷ್ಯನಿಗೆ ಬಲ ಕೊಡುವುದು ಹೀಗೆ. ಕೊಟ್ಟವರೂ ಪಡೆದವರೂ ದಿನಾ ಒಂದೇ ಬೀದಿಯಲ್ಲಿ ಓಡಾಡುತ್ತಾರೆ. ಜಾತಿಯ ಬೆಂಬಲ ಇಲ್ಲದ ಒಬ್ಬ ಯುವಕ ತಾಲ್ಲೂಕಿನ ಮುಂದಾಳಾಗಿ ಬೆಳೆದದ್ದು ಈ ಲೆಕ್ಕದಲ್ಲೇ.

ಎರಡು ಸಲ ಗೆದ್ದದ್ದು

1972ರಲ್ಲಿ ಸೋಮವಾರಪೇಟೆ ಕ್ಷೇತ್ರದಿಂದ ಕಾಂಗ್ರೆಸ್ ಟಿಕೆಟ್ ಸಿಕ್ಕಿತು, ಗೆದ್ದು ವಿಧಾನಸಭೆಗೆ ಹೋದರು. ಆಗ ಕೊಡಗಿಗೆ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಅಂತ ಮೂರು ಕ್ಷೇತ್ರಗಳು. ಕುಶಾಲನಗರ, ಶನಿವಾರಸಂತೆ, ಕೊಡ್ಲಿಪೇಟೆ ಎಲ್ಲ ಸೋಮವಾರಪೇಟೆ ತಾಲ್ಲೂಕಿಗೆ ಸೇರಿದ್ದವು. ಒಂದು ಕಡೆ ಕಾಫಿ, ಏಲಕ್ಕಿ ತೋಟ. ಇನ್ನೊಂದು ಕಡೆ ಹೊಲ, ಗದ್ದೆ. ಒಂದು ಕಡೆ ಕೂಲಿ ಲೈನಿನ ಮನೆಗಳು, ಇನ್ನೊಂದು ಕಡೆ ಪೇಟೆಯ ವ್ಯಾಪಾರಸ್ಥರು. ಒಬ್ಬರ ಕಷ್ಟ ಇನ್ನೊಬ್ಬರ ಕಷ್ಟ ಅಲ್ಲ. ಇಂಥ ಕ್ಷೇತ್ರದಲ್ಲಿ ಎಲ್ಲರಿಗೂ ಬೇಕಾದವರಾಗಿ ಗೆಲ್ಲುವುದು ಹುಡುಗಾಟವಲ್ಲ.

ಬೆಂಗಳೂರಿಗೆ ಹೋದ ಮೇಲೆ ದೇವರಾಜ ಅರಸರ ಕಣ್ಣಿಗೆ ಬಿದ್ದರು, ಅವರ ಸಂಪುಟದಲ್ಲಿ ಮಂತ್ರಿಯೂ ಆದರು. ತುರ್ತು ಪರಿಸ್ಥಿತಿಯ ದಿನಗಳಲ್ಲಿ ಸಂಜಯ ಗಾಂಧಿಯವರ ಕಡೆಯವರೆಂದು ಹೆಸರಾಯಿತು. ಆ ಹೆಸರು ಕೆಲವರಿಗೆ ಇಷ್ಟವಾಯಿತು, ಬಹಳ ಮಂದಿಗೆ ಇಷ್ಟವಾಗಲಿಲ್ಲ. 1977ರಲ್ಲಿ ದೇಶದ ಉತ್ತರ ಭಾಗದಲ್ಲಿ ಇಂದಿರಾ ಕಾಂಗ್ರೆಸ್ಸಿನ ಬುಡವೇ ಕಿತ್ತುಹೋದಾಗಲೂ ಕರ್ನಾಟಕ ಮಾತ್ರ ಕೈಬಿಡಲಿಲ್ಲ.

1978ರಲ್ಲಿ ಮತ್ತೆ ಚುನಾವಣೆ. ಪಕ್ಷ ಒಡೆದು, ಇಂದಿರಾ ಗಾಂಧಿಯವರ ಬಣಕ್ಕೆ ಹಸ್ತದ ಗುರುತು ಆಗಷ್ಟೇ ಬಂದಿತ್ತು. ಹಳೆಯ ಹಸು-ಕರುವಿನ ಗುರುತಿಗೆ ಮುದ್ರೆ ಒತ್ತಿ ಅಭ್ಯಾಸವಾಗಿದ್ದ ಜನಕ್ಕೆ ಕೈ ತೋರಿಸಿ ತಿಳಿಸಿ ಹೇಳಬೇಕಾಗಿತ್ತು. ಆದರೂ 224ರಲ್ಲಿ 149 ಸ್ಥಾನ ಆ ಪಕ್ಷಕ್ಕೆ ಬಂತು. ಸೋಮವಾರಪೇಟೆಯಲ್ಲಿ ಗುಂಡೂರಾಯರು ಎರಡನೇ ಸಲ ಗೆದ್ದರು.

ಇಲ್ಲಿಯವರೆಗೆ ಲೆಕ್ಕ ಸರಿಯಾಗಿದೆ. ಪುರಸಭೆಯ ಅಧಿಕಾರ ವಿಧಾನಸಭೆಗೆ ದಾರಿ ಮಾಡಿಕೊಟ್ಟಿತು. ಶಾಸಕಗಿರಿ, ಮಂತ್ರಿಗಿರಿ ಎರಡನೇ ಗೆಲುವಿಗೆ ಅಡ್ಡ ಬರಲಿಲ್ಲ. ಅಧಿಕಾರ ವರ ಅನ್ನುವವರ ಮಾತೇ ಗೆದ್ದ ಹಾಗೆ. ಆದರೆ ಕಥೆ ಮುಂದೆ ಇದೆ.

ನಲವತ್ತೆರಡರಲ್ಲಿ ಗದ್ದುಗೆ

1979ರಲ್ಲಿ ಅರಸರಿಗೂ ಇಂದಿರಾ ಗಾಂಧಿಯವರಿಗೂ ಮನಸ್ಸು ಮುರಿಯಿತು. ಅರಸರು ಬೇರೆ ದಾರಿ ಹಿಡಿದರು. ಬಹುಪಾಲು ಶಾಸಕರು ಅಧಿಕಾರ ಇದ್ದ ಕಡೆ ನಿಂತರು, ಗುಂಡೂರಾಯರು ಇಂದಿರಾ ಕಡೆ ನಿಂತರು. ಆಗ ಇಂದಿರಾ ಅಧಿಕಾರದಲ್ಲಿ ಇರಲಿಲ್ಲ ಅನ್ನುವುದನ್ನು ಮರೆಯಬಾರದು. ಸೋತವರ ಜೊತೆ ನಿಲ್ಲುವುದಕ್ಕೆ ಸ್ವಲ್ಪ ಎದೆಗಾರಿಕೆ ಬೇಕು.

1980ರ ಜನವರಿಯಲ್ಲಿ ಗಾಳಿ ತಿರುಗಿತು. ಲೋಕಸಭೆ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ ಬಂದವು. ಕೈಬಿಟ್ಟದ್ದು ಬೆಂಗಳೂರು ದಕ್ಷಿಣ ಒಂದೇ, ಅಲ್ಲಿ ಜನತಾ ಪಕ್ಷದ ಟಿ.ಆರ್. ಶಾಮಣ್ಣ ಗೆದ್ದರು. ಫಲಿತಾಂಶ ಬಂದದ್ದೇ ತಡ, ನಿನ್ನೆಯವರೆಗೆ ಅರಸರ ಸುತ್ತ ಇದ್ದ ಶಾಸಕರು ಸಾಲುಗಟ್ಟಿ ಈಚೆ ದಾಟಿದರು. ಅರಸರು ರಾಜೀನಾಮೆ ಕೊಟ್ಟರು. ಜನವರಿ 12ರಂದು ಗುಂಡೂರಾಯರು ಮುಖ್ಯಮಂತ್ರಿ. ವಯಸ್ಸು 42.

ಕೊಡಗಿಗೆ ಮುಖ್ಯಮಂತ್ರಿ ಹೊಸದೇನಲ್ಲ. 1952ರಿಂದ 1956ರವರೆಗೆ ಕೊಡಗು ಬೇರೆ ರಾಜ್ಯವೇ ಆಗಿತ್ತು, ಸಿ.ಎಂ. ಪೂಣಚ್ಚನವರು ಅದರ ಮುಖ್ಯಮಂತ್ರಿ. ಆದರೆ ಅದು 24 ಶಾಸಕರ ಪುಟ್ಟ ರಾಜ್ಯ. ಇದು ಬೀದರಿನಿಂದ ಕೊಳ್ಳೇಗಾಲದವರೆಗಿನ ಕರ್ನಾಟಕ. ಕಾಫಿ ಬೆಳೆಯುವ ಮೂಲೆಯ ಜಿಲ್ಲೆಯೊಂದಕ್ಕೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದು?

ಆದರೆ ಒಂದು ವಿಷಯವನ್ನು ಗಮನಿಸಬೇಕು ಸ್ವಾಮಿ. ಮತದಾರರು ಗುಂಡೂರಾಯರನ್ನು ಮುಖ್ಯಮಂತ್ರಿ ಮಾಡಲು ಮುದ್ರೆ ಒತ್ತಿರಲಿಲ್ಲ. 1978ರ ವಿಧಾನಸಭೆಗೆ ಮತ ಬಿದ್ದದ್ದು ಇಂದಿರಾ ಹೆಸರಿಗೆ, ಅರಸರ ಕೆಲಸಕ್ಕೆ. ಅದೇ ಸಭೆಯ ಶಾಸಕರು ಪಕ್ಷ ಬದಲಿಸಿದರು, ದಿಲ್ಲಿ ಹೂಂ ಅಂದಿತು, ಕುರ್ಚಿ ಬಂತು. ಹೀಗೆ ಬಂದ ಕುರ್ಚಿಗೆ ಕಾಲು ನಾಲ್ಕಿದ್ದರೂ ನೆಲ ಮುಟ್ಟುವುದು ಎರಡೇ. ಮೊದಲ ಸಲ ಜನರ ಮುಂದೆ ನಿಂತಾಗ ಅದು ಅಲ್ಲಾಡದೆ ಇರುವುದಿಲ್ಲ.

ಮೂರು ವರ್ಷದ ಜಮಾ-ಖರ್ಚು

ಅಂಗಡಿಯವರ ಹಾಗೆ ಎರಡು ಕಾಲಮ್ಮು ಹಾಕಿ ನೋಡೋಣ.

ಜಮೆ ಕಡೆ: ಗುಂಡೂರಾಯರು ಕಡತ ಹಿಡಿದು ಕೂರುವ ಜಾತಿಯವರಲ್ಲ. ಹೌದು ಅಂದರೆ ಹೌದು, ಇಲ್ಲ ಅಂದರೆ ಇಲ್ಲ. ಅವರ ಕಾಲದಲ್ಲಿ ಖಾಸಗಿ ಆಡಳಿತ ಮಂಡಳಿಗಳಿಗೆ ಇಂಜಿನಿಯರಿಂಗ್, ಮೆಡಿಕಲ್ ಕಾಲೇಜು ತೆರೆಯಲು ಧಾರಾಳವಾಗಿ ಅನುಮತಿ ಸಿಕ್ಕಿತು. ಕ್ಯಾಪಿಟೇಷನ್ ದಂಧೆಗೆ ಬಾಗಿಲು ತೆರೆದರು ಅಂತ ಆಗ ಬೈದವರು ಬಹಳ. ಮುಂದೆ ಬೆಂಗಳೂರು ಕಂಪ್ಯೂಟರ್ ಊರಾಗಿ ಬೆಳೆಯುವಾಗ ಆ ಕಾಲೇಜುಗಳಲ್ಲಿ ಓದಿ ಬಂದ ಇಂಜಿನಿಯರುಗಳು ಕೆಲಸಕ್ಕೆ ಒದಗಿದರು ಅನ್ನುವುದನ್ನೂ ಹೇಳಬೇಕು. ಎರಡೂ ನಿಜ.

ಖರ್ಚು ಕಡೆ ಪಟ್ಟಿ ಉದ್ದ. ಗದ್ದುಗೆ ಏರಿದ ಆರು ತಿಂಗಳಿಗೆ, 1980ರ ಜುಲೈ 21ರಂದು, ನರಗುಂದ-ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್. ಮಲಪ್ರಭಾ ನೀರಾವರಿ ಪ್ರದೇಶದ ಅಭಿವೃದ್ಧಿ ಕರ ಕಟ್ಟಲಾರೆವು ಎಂದು ಎದ್ದಿದ್ದ ರೈತರು ಅವರು. ಆ ರಕ್ತದಿಂದ ರಾಜ್ಯದಲ್ಲಿ ರೈತ ಸಂಘ ಹುಟ್ಟಿ ಬೆಳೆಯಿತು. ಇವತ್ತಿಗೂ ಜುಲೈ 21 ರೈತ ಹುತಾತ್ಮ ದಿನ.

ಅದೇ ವರ್ಷದ ಕೊನೆಗೆ ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಗಳಲ್ಲಿ ಮುಷ್ಕರ. ಅದು 1981ರ ಮಾರ್ಚ್‌ವರೆಗೆ ಎಳೆಯಿತು. 1981ರ ಜುಲೈಯಲ್ಲಿ ಕಳ್ಳಭಟ್ಟಿ ಕುಡಿದು ನೂರಾರು ಬಡವರು ಸತ್ತರು. 1982ರಲ್ಲಿ ಗೋಕಾಕ್ ಚಳವಳಿ. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೊಡಬೇಕೆಂದು ವಿ.ಕೃ. ಗೋಕಾಕ್ ಸಮಿತಿ ವರದಿ ಕೊಟ್ಟಿತ್ತು. ಸಮಿತಿ ಮಾಡಿದ್ದೂ ಇದೇ ಸರಕಾರ, ವರದಿ ಹಿಡಿದುಕೊಂಡು ಹಿಂದೆಮುಂದೆ ನೋಡಿದ್ದೂ ಇದೇ ಸರಕಾರ. ಕೊನೆಗೆ ಡಾ. ರಾಜಕುಮಾರ್ ಬೀದಿಗಿಳಿದರು. ಅಣ್ಣಾವ್ರು ಬಂದ ಊರಲ್ಲೆಲ್ಲ ಜನಸಾಗರ. ಸರಕಾರ ಬಗ್ಗಿತು, ಆದರೆ ಬಗ್ಗಿದ್ದರ ಲಾಭ ಸರಕಾರಕ್ಕೆ ಸಿಗಲಿಲ್ಲ. ಕೇಳುವ ಮೊದಲು ಕೊಟ್ಟರೆ ಉಡುಗೊರೆ, ಕುತ್ತಿಗೆಗೆ ಬಂದಾಗ ಕೊಟ್ಟರೆ ದಂಡ.

ಇದರ ಮೇಲೆ ಪತ್ರಿಕೆಗಳ ಜಗಳ. ಗುಂಡೂರಾಯರಿಗೆ ನಾಲಿಗೆಯ ಮೇಲೆ ಹಿಡಿತ ಕಡಿಮೆ. ಪತ್ರಕರ್ತರನ್ನು ಕುರಿತು ಕಟುವಾಗಿ ಆಡಿದ ಮಾತು ರಾಜ್ಯವೆಲ್ಲ ಸುತ್ತಿತು, ಪತ್ರಿಕೆಗಳು ಮುನಿದವು. 1980ರಲ್ಲೇ ಶುರುವಾಗಿದ್ದ ಲಂಕೇಶ್ ಪತ್ರಿಕೆ ಮುಖ್ಯಮಂತ್ರಿಯ ಹೆಸರನ್ನು ಗುಂ ಎಂದು ಮೊಟಕು ಮಾಡಿ ವಾರವಾರವೂ ಬೆಂಡೆತ್ತಿತು. ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಗಳಲ್ಲಿ ಜನ ಆ ಪತ್ರಿಕೆಗೆ ಕಾದರು. ಪುರಸಭೆಯಲ್ಲಿ ಇದ್ದಾಗ ಜೋರು ಮಾತು ಆಡಿದರೆ ನಮ್ಮ ಗುಂಡೂರಾಯರು ಇರೋದೇ ಹಾಗೆ ಅಂತ ಊರು ನಕ್ಕು ಸುಮ್ಮನಾಗುತ್ತದೆ. ಅದೇ ಮಾತನ್ನು ಮುಖ್ಯಮಂತ್ರಿ ಆಡಿದರೆ ದರ್ಪ ಅನ್ನಿಸಿಕೊಳ್ಳುತ್ತದೆ. ಮನುಷ್ಯ ಅವರೇ, ನಾಲಿಗೆ ಅದೇ, ಬದಲಾದದ್ದು ಕುರ್ಚಿ ಮಾತ್ರ.

ಊರಲ್ಲಿ ಆದದ್ದೇನು?

ಇದೆಲ್ಲ ಬೆಂಗಳೂರಿನ, ಧಾರವಾಡ ಜಿಲ್ಲೆಯ ಕಥೆ ಆಯಿತು. ಸೋಮವಾರಪೇಟೆಯವರಿಗೆ ಇದರಿಂದ ಏನು? ತಮ್ಮೂರಿನವರು ಮುಖ್ಯಮಂತ್ರಿ, ಉಳಿಸಿಕೊಳ್ಳಬಹುದಿತ್ತಲ್ಲ? ಹೊರ ಜಿಲ್ಲೆಯವರು ಇವತ್ತಿಗೂ ಕೊಡಗಿನವರನ್ನು ಕೇಳುವ ಪ್ರಶ್ನೆ ಇದು.

ಇದಕ್ಕೆ ಒಂದೇ ಉತ್ತರ ಇಲ್ಲ, ಆದರೆ ಯೋಚನೆ ಮಾಡಿದರೆ ನಾಲ್ಕು ಎಳೆ ಸಿಗುತ್ತವೆ.

ಮೊದಲನೆಯದು ದೂರ. ಪುರಸಭೆ ಅಧ್ಯಕ್ಷರ ಮನೆಗೆ ಹೋಗಲು ಬೀದಿ ದಾಟಿದರೆ ಸಾಕು. ಶಾಸಕರನ್ನು ಕಾಣಲು ಬೆಳಗ್ಗೆ ಬೇಗ ಎದ್ದರೆ ಸಾಕು. ಮುಖ್ಯಮಂತ್ರಿಯನ್ನು ಕಾಣಲು ಬೆಂಗಳೂರು ಬಸ್ಸು ಹತ್ತಬೇಕು, ಪೊಲೀಸರನ್ನು ದಾಟಬೇಕು, ಆಪ್ತ ಸಹಾಯಕರನ್ನು ದಾಟಬೇಕು. ಕುರ್ಚಿ ದೊಡ್ಡದಾದ ಹಾಗೆ ಬಾಗಿಲುಗಳು ಜಾಸ್ತಿ. ಊರಿನಲ್ಲಿ ಮುಖ್ಯಮಂತ್ರಿಯ ಬದಲು ಮುಖ್ಯಮಂತ್ರಿಯ ಕಡೆಯವರು ಅನ್ನುವವರು ಹುಟ್ಟಿಕೊಳ್ಳುವುದು ಎಲ್ಲ ಕಡೆಯೂ ಕಂಡ ಸಂಗತಿ. ನಾಯಕನ ಮೇಲಿನ ಪ್ರೀತಿ ನಾಯಕನಿಗೇ ಸೇರುತ್ತದೆ. ಮಧ್ಯವರ್ತಿಯ ಮೇಲಿನ ಸಿಟ್ಟು ಕೂಡ ನಾಯಕನಿಗೇ ಸೇರುತ್ತದೆ!

ಎರಡನೆಯದು ಆಸೆ. ಶಾಸಕರ ಹತ್ತಿರ ಜನ ರಸ್ತೆ ಕೇಳುತ್ತಾರೆ, ಬಸ್ಸು ಕೇಳುತ್ತಾರೆ. ಮುಖ್ಯಮಂತ್ರಿಯ ಹತ್ತಿರ ಎಲ್ಲರೂ ಎಲ್ಲವನ್ನೂ ಕೇಳುತ್ತಾರೆ. ಹತ್ತು ಮಂದಿ ಒಂದು ಕೆಲಸಕ್ಕೆ ಅರ್ಜಿ ಹಾಕಿದರೆ ಸಿಗುವುದು ಒಬ್ಬರಿಗೆ. ಸಿಕ್ಕವನು ಅದು ತನ್ನ ಯೋಗ್ಯತೆಯಿಂದ ಬಂದದ್ದು ಅಂದುಕೊಳ್ಳುತ್ತಾನೆ. ಸಿಗದ ಒಂಬತ್ತು ಮಂದಿ ಮುಖ್ಯಮಂತ್ರಿ ಮೋಸ ಮಾಡಿದರು ಅಂದುಕೊಳ್ಳುತ್ತಾರೆ. ಲೆಕ್ಕ ನೀವೇ ಹಾಕಿ.

ಮೂರನೆಯದು ಕೊಟ್ಟದ್ದು ಎಲ್ಲಿ ಬಿತ್ತು ಅನ್ನುವುದು. ಹಾರಂಗಿಯನ್ನೇ ತಗೊಳ್ಳಿ. ಅಣೆಕಟ್ಟೆ ಕುಶಾಲನಗರದ ಹತ್ತಿರವೇ, ಹುದುಗೂರಿನಲ್ಲಿ. ಕೆಲಸ ಶುರುವಾದದ್ದು ಗುಂಡೂರಾಯರಿಗೆ ಬಹಳ ಮೊದಲು, ಮುಗಿದದ್ದು ಅವರ ಕಾಲದಲ್ಲಿ, 1982ರಲ್ಲಿ. ದೊಡ್ಡ ಕೆಲಸ, ಸುಳ್ಳಲ್ಲ. ಆದರೆ ಕಾಲುವೆಯ ನೀರು ಹೆಚ್ಚಾಗಿ ಹರಿಯುವುದು ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಅರಕಲಗೂಡು ಕಡೆಗೆ. ಮುಳುಗಡೆ ನಮ್ಮ ಕಡೆ, ಪೈರು ಆ ಕಡೆ. ರಾಜ್ಯದ ಲೆಕ್ಕದಲ್ಲಿ ಅದು ಸಾಧನೆ, ಬೂತಿನ ಲೆಕ್ಕದಲ್ಲಿ ಅದು ಸೊನ್ನೆ. ಮುಖ್ಯಮಂತ್ರಿ ರಾಜ್ಯಕ್ಕೆ ಕೆಲಸ ಮಾಡಬೇಕು, ಮತ ಮಾತ್ರ ಒಂದು ತಾಲ್ಲೂಕಿನಿಂದ ಬರಬೇಕು. ಆ ಕುರ್ಚಿಯ ತೊಡಕೇ ಅದು.

ನಾಲ್ಕನೆಯದು ಗಾಳಿ. 1982ರ ಜೂನ್‌ನಲ್ಲಿ ಅರಸರು ತೀರಿಕೊಂಡರು. ಅವರು ಕಟ್ಟಿದ್ದ ಕ್ರಾಂತಿರಂಗ, ಬಂಗಾರಪ್ಪನವರ ಮುಂದಾಳುತನದಲ್ಲಿ, ಜನತಾ ಪಕ್ಷದ ಜೊತೆ ಕೂಡಿತು. ಬೇರೆ ಬೇರೆ ನಿಂತು ಸೋಲುತ್ತಿದ್ದವರು ಒಟ್ಟಿಗೆ ನಿಂತರು. ಬೇರೆ ಕ್ಷೇತ್ರಗಳಲ್ಲಿ ಮತದಾರ ತನ್ನ ಶಾಸಕ ಹೇಗೆ ಅಂತ ಯೋಚಿಸಿದರೆ ಸಾಕಿತ್ತು. ಸೋಮವಾರಪೇಟೆಯಲ್ಲಿ ಮಾತ್ರ ಇಡೀ ಸರಕಾರದ ಮೇಲಿನ ಸಿಟ್ಟನ್ನು ನೇರವಾಗಿ ಹೆಸರು ನೋಡಿಯೇ ತೀರಿಸಬಹುದಿತ್ತು. ಬೇರೆಯವರು ಮುಖ್ಯಮಂತ್ರಿಯನ್ನು ಬೈಯಬಹುದು, ಇವರು ಮಾತ್ರ ಇಳಿಸಬಹುದು. ಆ ಅಧಿಕಾರ ಮತದಾರನಿಗೆ ದಿನಾ ಸಿಗುವಂಥದ್ದಲ್ಲ.

ಮತದಾನ ನಡೆದದ್ದು 1983ರ ಜನವರಿ 5ರಂದು. ಕೊಡಗಿನಲ್ಲಿ ಅದು ಕಾಫಿ ಕುಯ್ಲಿನ ಕಾಲ, ಕಣದಲ್ಲಿ ಹಣ್ಣು ಹರಡಿರುವ ದಿನಗಳು. ಫಲಿತಾಂಶ ಬಂತು. ಜನತಾ ಪಕ್ಷದ ಬಿ.ಎ. ಜೀವಿಜಯ ಗೆದ್ದಿದ್ದರು. ಕರ್ನಾಟಕದ ಮುಖ್ಯಮಂತ್ರಿ ಸೋತಿದ್ದರು.

ರಾಜ್ಯದಲ್ಲಿ ಜನತಾ ಪಕ್ಷಕ್ಕೆ 95, ಕಾಂಗ್ರೆಸ್ಸಿಗೆ 82, ಬಿಜೆಪಿಗೆ 18. ಅಲ್ಲಿಯವರೆಗೆ ಕಾಂಗ್ರೆಸ್ ಬಿಟ್ಟು ಬೇರೆ ಸರಕಾರವನ್ನೇ ಕಾಣದಿದ್ದ ರಾಜ್ಯದಲ್ಲಿ ಜನವರಿ 10ರಂದು ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದರು. ವಿಚಿತ್ರ ನೋಡಿ. ಗುಂಡೂರಾಯರಿಗೆ ಕುರ್ಚಿ ಇತ್ತು, ಕ್ಷೇತ್ರ ಕೈಬಿಟ್ಟಿತು. ಹೆಗಡೆಯವರಿಗೆ ಕ್ಷೇತ್ರವೇ ಇರಲಿಲ್ಲ, ಕುರ್ಚಿ ಕರೆಯಿತು! ಅವರು ಆಮೇಲೆ ಕನಕಪುರದಲ್ಲಿ ಉಪಚುನಾವಣೆಗೆ ನಿಂತು ಗೆದ್ದು ಬಂದರು.

ಒಬ್ಬರೇ ಅಲ್ಲ

ಕುರ್ಚಿಯಲ್ಲಿ ಇದ್ದುಕೊಂಡೇ ಬಿದ್ದವರು ಗುಂಡೂರಾಯರೊಬ್ಬರೇ ಅಂತ ತಿಳಿಯಬೇಡಿ. 1967ರಲ್ಲಿ ಕೇಂದ್ರದ ರೈಲ್ವೆ ಮಂತ್ರಿ ಎಸ್.ಕೆ. ಪಾಟೀಲರು ಮುಂಬಯಿಯ ದೊರೆ ಅನ್ನಿಸಿಕೊಂಡಿದ್ದವರು. ದಕ್ಷಿಣ ಮುಂಬಯಿಯಲ್ಲಿ ಅವರನ್ನು ಸೋಲಿಸಿದ್ದು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಆ ರೈಲ್ವೆ ಖಾತೆ ಆಮೇಲೆ ಬಂದದ್ದು ಯಾರಿಗೆ? ಅದೇ ಚುನಾವಣೆಯಲ್ಲಿ ಮಂಗಳೂರಿನಿಂದ ಗೆದ್ದಿದ್ದ ನಮ್ಮ ಪೂಣಚ್ಚನವರಿಗೆ! 2018ರಲ್ಲಿ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ತವರು ಜಿಲ್ಲೆಯ ಚಾಮುಂಡೇಶ್ವರಿಯಲ್ಲಿ ಸೋತರು. ಬಾದಾಮಿಯಲ್ಲೂ ನಿಂತಿದ್ದರಿಂದ ವಿಧಾನಸಭೆಗೆ ಬಂದರು. ಗುಂಡೂರಾಯರಿಗೆ ಹಾಗೆ ಕೈಹಿಡಿಯುವ ಬಾದಾಮಿ ಇರಲಿಲ್ಲ.

ಪಕ್ಷಗಳ ಗತಿಯೂ ಅಷ್ಟೇ. 1985ರಲ್ಲಿ ಹೆಗಡೆಯವರ ಜನತಾ ಪಕ್ಷ 139 ಸ್ಥಾನ ಗೆದ್ದು ಅಧಿಕಾರ ಉಳಿಸಿಕೊಂಡಿತು. ಅದೇ ಕೊನೆ. ಅಲ್ಲಿಂದ 2023ರವರೆಗೆ ನಡೆದ ಒಂದು ವಿಧಾನಸಭಾ ಚುನಾವಣೆಯಲ್ಲೂ ಆಳುತ್ತಿದ್ದ ಪಕ್ಷಕ್ಕೆ ಕರ್ನಾಟಕದ ಮತದಾರ ಮತ್ತೆ ಬಹುಮತ ಕೊಟ್ಟದ್ದಿಲ್ಲ.

ಸೋಲಿನ ಮೇಲೆ

ಸೋತಾಗ ಗುಂಡೂರಾಯರಿಗೆ 45 ವರ್ಷ. ಉಳಿದವರು ರಾಜಕೀಯದಲ್ಲಿ ಬೆಳೆಯಲು ಶುರು ಮಾಡುವ ವಯಸ್ಸಿಗೆ ಅವರದು ಮುಗಿದ ಹಾಗಾಯಿತು. ಸೂರ್ಯ ಹುಟ್ಟುವ ದಿಕ್ಕಿಗೆ ಮುಖ ಮಾಡುವ ಜನ ಹೆಗಡೆಯವರ ಕಡೆ ತಿರುಗಿದರು. ಮುಖ್ಯಮಂತ್ರಿಯ ಕಡೆಯವರು ಅನ್ನಿಸಿಕೊಂಡಿದ್ದವರು ಎಷ್ಟು ಮಂದಿ ಮನೆಗೆ ಬಂದಿರಬಹುದು? ಅಧಿಕಾರ ಹೋದವರ ಮನೆಯ ಅಂಗಳದಲ್ಲಿ ಚಪ್ಪಲಿ ಎಣಿಸಿದರೆ ಲೋಕ ಏನು ಅಂತ ಗೊತ್ತಾಗುತ್ತದೆ.

ಆದರೆ ಅವರು ಎದ್ದರು. 1989ರಲ್ಲಿ ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ನಿಂತರು, ಗೆದ್ದರು. 1980ರ ಇಂದಿರಾ ಅಲೆಯಲ್ಲೂ ಅವರ ಪಕ್ಷಕ್ಕೆ ಒಲಿಯದಿದ್ದ ಅದೇ ಒಂದು ಕ್ಷೇತ್ರ! ಗೋಕಾಕ್ ಚಳವಳಿಯ ಕಾವು ಕಂಡಿದ್ದ ಬೆಂಗಳೂರಿನ ಅದೇ ಮತದಾರರು! ಕೈಯಲ್ಲಿ ಕಡತ ಇಲ್ಲ, ಪೊಲೀಸ್ ಬೆಂಗಾವಲು ಇಲ್ಲ, ಸರಕಾರಿ ಕಾರು ಇಲ್ಲ. ಆಗ ಗೆದ್ದರು. ಎಲ್ಲವೂ ಇದ್ದಾಗ ಸೋತಿದ್ದರು. 1991ರಲ್ಲಿ ಆ ಸ್ಥಾನ ಬಿಜೆಪಿಯ ಕೆ. ವೆಂಕಟಗಿರಿ ಗೌಡರ ಪಾಲಾಯಿತು. ಎರಡು ವರ್ಷದ ಮೇಲೆ, 1993ರ ಆಗಸ್ಟ್ 22ರಂದು, ಗುಂಡೂರಾಯರು ಕಾಯಿಲೆಯಿಂದ ತೀರಿಕೊಂಡರು. ಆಗ 56 ವರ್ಷ. ಇಂದು ಅವರ ಮಗ ದಿನೇಶ್ ಗುಂಡೂರಾವ್ ರಾಜಕೀಯದಲ್ಲಿದ್ದಾರೆ. ಬೆಂಗಳೂರಿನ ಗಾಂಧಿನಗರದಿಂದ ಶಾಸಕರಾಗಿ ಗೆಲ್ಲುತ್ತ ಬಂದು 2023ರಲ್ಲಿ ಮಂತ್ರಿಯೂ ಆದರು. ತಂದೆ ಸೋತ ಜಿಲ್ಲೆಯಲ್ಲಿ ಮಗ ಕ್ಷೇತ್ರ ಹುಡುಕಲಿಲ್ಲ.

ಸೋಮವಾರಪೇಟೆ ಕ್ಷೇತ್ರ ಕೂಡ ಈಗ ಇಲ್ಲ. 2008ರ ಮರುವಿಂಗಡಣೆಯಲ್ಲಿ ಹೆಸರೇ ಅಳಿಸಿಹೋಯಿತು. ಮೂರಿದ್ದ ಕೊಡಗಿನ ಸ್ಥಾನ ಎರಡಾಯಿತು. ಆದರೆ ಆ ಮತದಾರರ ಬುದ್ಧಿ ಅಳಿಸಿಲ್ಲ. 1994, 1999ರಲ್ಲಿ ಅಪ್ಪಚ್ಚು ರಂಜನ್ ಅವರನ್ನು ಗೆಲ್ಲಿಸಿದವರೇ 2004ರಲ್ಲಿ ಅವರನ್ನು ಬಿಟ್ಟು ಮತ್ತೆ ಅದೇ ಜೀವಿಜಯರನ್ನು ಕರೆದರು. ಆಮೇಲೆ ರಂಜನ್ ಮಡಿಕೇರಿಯಲ್ಲಿ, ಕೆ.ಜಿ. ಬೋಪಯ್ಯ ವಿರಾಜಪೇಟೆಯಲ್ಲಿ 2008, 2013, 2018ರಲ್ಲಿ ಸಾಲಾಗಿ ಮೂರು ಮೂರು ಸಲ ಗೆದ್ದರು. ಕುರ್ಚಿ ಅವರಿಗೇ ಬರೆದಿಟ್ಟದ್ದು ಅಂತ ಜನ ಮಾತಾಡುವ ಹೊತ್ತಿಗೆ 2023 ಬಂತು. ಮಂಥರ್ ಗೌಡ, ಎ.ಎಸ್. ಪೊನ್ನಣ್ಣ ಗೆದ್ದರು. ಇಬ್ಬರು ಹಳಬರೂ ಒಂದೇ ದಿನ ಮನೆಗೆ.

ನಮ್ಮ ಬೀದಿಗೆ ಇದರಿಂದ ಏನು?

ಈಗ ಕೆಳಗಿನ ಮೆಟ್ಟಿಲಿಗೆ ಬರೋಣ. ಗುಂಡೂರಾಯರು ಹತ್ತಿದ ಆ ಮೊದಲ ಮೆಟ್ಟಿಲು, ಅಂದರೆ ಪುರಸಭೆ, ಪಂಚಾಯಿತಿ, ಇವತ್ತು ಹೇಗಿದೆ?

1993ರ ಪಂಚಾಯತ್ ರಾಜ್ ಕಾಯಿದೆ ಬಂದ ಮೇಲೆ ಮೀಸಲಾತಿ ಆವರ್ತನೆಯಲ್ಲಿ ಸುತ್ತುತ್ತದೆ. ಈ ಸಲ ಸಾಮಾನ್ಯ ಅಂತಿದ್ದ ಸ್ಥಾನ ಮುಂದಿನ ಸಲ ಮಹಿಳೆಗೆ, ಅದರ ಮುಂದಿನ ಸಲ ಹಿಂದುಳಿದ ವರ್ಗಕ್ಕೆ. ಅದು ಸರಿಯೇ. ಅದಿಲ್ಲದಿದ್ದರೆ ಎಷ್ಟೋ ಹೆಂಗಸರು, ಎಷ್ಟೋ ದಲಿತರು ಆ ಕುರ್ಚಿಯ ಮುಖವನ್ನೇ ನೋಡುತ್ತಿರಲಿಲ್ಲ. 2010ರಿಂದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಅಂತ ಆಯಿತು, ಒಳ್ಳೆಯದೇ ಆಯಿತು. ಆದರೆ ಇದಕ್ಕೆ ಇನ್ನೊಂದು ಮುಖ ಇದೆ. ಚೆನ್ನಾಗಿ ಕೆಲಸ ಮಾಡಿದ ಸದಸ್ಯೆಯೂ ಮತ್ತೆ ಅದೇ ವಾರ್ಡಿನಲ್ಲಿ ನಿಂತು ಭೇಷ್ ಅನ್ನಿಸಿಕೊಳ್ಳುವ ಹಾಗಿಲ್ಲದಿರಬಹುದು. ಕಳ್ಳಾಟ ಆಡಿದ ಸದಸ್ಯನೂ ಮತ್ತೆ ಅದೇ ಜನರ ಮುಂದೆ ನಿಂತು ಒದೆ ತಿನ್ನದೆ ತಪ್ಪಿಸಿಕೊಳ್ಳಬಹುದು. ಪುರಸಭೆ ಅಧ್ಯಕ್ಷಗಿರಿಯೂ ಮೂವತ್ತು ತಿಂಗಳಿಗೆ ಕೈ ಬದಲಾಗುತ್ತದೆ. ಅಷ್ಟರಲ್ಲಿ ಕಡತ ಅರ್ಥವಾಗುವ ಹೊತ್ತಿಗೆ ಹಾರ ಹಾಕಿ ಬೀಳ್ಕೊಡುಗೆ!

ಹಾಗಾದರೆ ನಮ್ಮ ಕೈಯಲ್ಲಿ ಉಳಿದದ್ದೇನು? ಲೆಕ್ಕ ಇಡುವುದು. ಅಂಗಡಿಯವರು ಸಾಲದ ಪುಸ್ತಕ ಇಟ್ಟ ಹಾಗೆ. ಸದಸ್ಯರು ವಾರ್ಡು ಬದಲಿಸಿದರೂ ಊರು ಬದಲಿಸುವುದಿಲ್ಲ. ಯಾರು ನಲ್ಲಿ ಹಾಕಿಸಿದರು, ಯಾರು ಬಿಲ್ಲು ಮಾತ್ರ ಮಾಡಿಸಿದರು, ಯಾರು ಗೆದ್ದ ಮೇಲೆ ಫೋನು ಎತ್ತಲಿಲ್ಲ... ಬರೆದಿಟ್ಟುಕೊಳ್ಳಿ. ಪಕ್ಕದ ವಾರ್ಡಿನಲ್ಲಿ ನಿಂತಾಗ ಆ ಪುಸ್ತಕವನ್ನು ಪಕ್ಕದ ವಾರ್ಡಿನ ಅಂಗಡಿಗೆ ದಾಟಿಸಿ.

ಸೋಮವಾರಪೇಟೆಯವರು 1983ರಲ್ಲಿ ಮಾಡಿದ್ದು ಸರಿಯೋ ತಪ್ಪೋ ಅಂತ ಕಟ್ಟೆಯ ಮೇಲೆ ಜಗಳ ಮುಂದುವರಿಯಲಿ. ಮುಖ್ಯಮಂತ್ರಿ ಇದ್ದ ಜಿಲ್ಲೆಗೆ ಮತ್ತೆ ಆ ಭಾಗ್ಯ ಬರಲಿಲ್ಲ ಅನ್ನುವವರ ಸಂಕಟ ಸುಳ್ಳಲ್ಲ. ಆದರೆ ಒಂದು ಮಾತು ಒಪ್ಪಬೇಕು. ತಮ್ಮೂರಿನವರು ಅನ್ನುವ ಮೋಹಕ್ಕೆ ಬಿದ್ದು ಅವರು ಲೆಕ್ಕ ಮಾಫಿ ಮಾಡಲಿಲ್ಲ. ಪುರಸಭೆ ಅಧ್ಯಕ್ಷರಿಗೆ ಹಾಕಿದ ತಕ್ಕಡಿಯನ್ನೇ ಮುಖ್ಯಮಂತ್ರಿಗೂ ಹಾಕಿದರು.

ಗುಂಡೂರಾಯರ ಬದುಕು ಈಗ ಕುರ್ಚಿಯಲ್ಲಿ ಕೂತವರಿಗೆ ಹೇಳುವುದೂ ಅಷ್ಟೇ. ಕುರ್ಚಿ ಗೆಲ್ಲಿಸುವುದೂ ಇಲ್ಲ, ಸೋಲಿಸುವುದೂ ಇಲ್ಲ. ಕುರ್ಚಿ ಏರಿದ ಮೇಲೆ ಮನೆ ಬಾಗಿಲು ಎಷ್ಟು ತೆರೆದಿತ್ತು ಅನ್ನುವುದನ್ನು ಜನ ನೆನಪಿಡುತ್ತಾರೆ. ಮುಂದಿನ ಸಲ ಬಸ್ಸು ಕುಶಾಲನಗರದಲ್ಲಿ ನಿಂತಾಗ ಕಿಟಕಿಯಿಂದ ಒಮ್ಮೆ ಆ ಬೀದಿ ನೋಡಿ. ಒಬ್ಬ ಮುಖ್ಯಮಂತ್ರಿ ಶುರುವಾದದ್ದು ಅಲ್ಲಿಂದ. ಅವರನ್ನು ಇಳಿಸಿದ ತೀರ್ಪೂ ಹೊರಟದ್ದು ಆ ತಾಲ್ಲೂಕಿನ ಬೀದಿಗಳಿಂದಲೇ.